ಅಕ್ಕಾದೇವಿ: ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಚಾಲುಕ್ಯ ದಂಡನಾಯಕಿ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಾಡನ್ನೂ ಆಳಿ, ದಂಡನ್ನೂ ನಡೆಸಿದ ಅರಸುಕುವರಿ ಅಕ್ಕಾದೇವಿ. ಆಕೆಯ ಸೇವೆಗೆ ದಂತಕಥೆಯ ಆಸರೆ ಬೇಕಿಲ್ಲ. ಶಕವರ್ಷ ಕೆತ್ತಿದ ಶಾಸನಗಳೇ ಸಾಕ್ಷಿ. ಆಕೆಗಿಂತ ನೂರು ವರ್ಷ ಈಚಿನ ವಚನಕಾರ್ತಿ ಅಕ್ಕಮಹಾದೇವಿಯೇ ಬೇರೆ.

ಮನೆತನ

ತಂದೆ ದಶವರ್ಮ. ಅಣ್ಣತಮ್ಮಂದಿರಲ್ಲಿ ಐದನೆಯ ವಿಕ್ರಮಾದಿತ್ಯ, ಇಮ್ಮಡಿ ಜಯಸಿಂಹ ಇಬ್ಬರೂ ಪಟ್ಟವೇರಿದವರು. ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1010ರ ಹೊತ್ತಿಗೇ, ಬಾದಾಮಿ–ಪಟ್ಟದಕಲ್ಲು ಸೀಮೆಯ ಕಿಸುಕಾಡು-70, ಎಂದರೆ ಎಪ್ಪತ್ತು ಊರುಗಳ ನಾಡು, ಈಕೆಯ ಕೈಯಲ್ಲಿತ್ತು. ಮುಂದೆ ಜಯಸಿಂಹ, ಆಮೇಲೆ ಒಂದನೆಯ ಸೋಮೇಶ್ವರ. ಹೀಗೆ ಮೂವರು ಅರಸರು ಬದಲಾದರೂ ಅಧಿಕಾರ ಆಕೆಯ ಕೈತಪ್ಪಲಿಲ್ಲ. ಅರಸುಮನೆಯವಳು ಎಂಬ ಸಲುಗೆಯೊಂದರಿಂದಲೇ ನಲವತ್ತು ವರ್ಷ ನಿಭಾಯಿಸುವ ಕೆಲಸ ಅದಲ್ಲ.

ಮಸ್ಕಿಯ ಕದನ

ಆ ಕಾಲದ ಯುದ್ಧದ ಕಾವು ಅರಿಯಬೇಕಾದರೆ ಎಡೆದೊರೆ ನಾಡಿಗೆ ಬರಬೇಕು. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ನೆಲದಲ್ಲೇ ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ಇವೆ. ಅಶೋಕನ ಹೆಸರು ಹೊತ್ತ ಶಾಸನ 1915ರಲ್ಲಿ ಸಿಕ್ಕಿದ್ದರಿಂದ ಮಸ್ಕಿ ಜಗತ್ತಿಗೆ ಗೊತ್ತಾಯಿತು. ಆದರೆ ಅದೇ ಊರು ಜಯಸಿಂಹನ 1027ರ ಶಾಸನದಲ್ಲಿ ‘ಪಿರಿಯ ಮೊಸಂಗಿ’ ಎಂಬ ರಾಜಧಾನಿ. 1020–21ರ ಸುಮಾರಿಗೆ ರಾಜೇಂದ್ರ ಚೋಳನಿಗೂ ಜಯಸಿಂಹನಿಗೂ ನಡೆದ ಮುಸಂಗಿ ಕದನ ಇಲ್ಲಿಯದೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಜಯಸಿಂಹ ಬೆನ್ನುತೋರಿದ ಎಂದು ಚೋಳರ ಶಾಸನ ಸಾರಿದರೆ, ಚೋಳರನ್ನು ಸೋಲಿಸಿದೆ ಎಂದು ಜಯಸಿಂಹ ಹೇಳಿಕೊಂಡಿದ್ದಾನೆ.

ಆ ಕದನದ ಬೆನ್ನಿಗೇ, 1022ರಲ್ಲಿ, ಬಾದಾಮಿ ಸೀಮೆಯ ಬೇಲೂರಿನ ಶಾಸನ ಅಕ್ಕಾದೇವಿಯನ್ನು ರಣದಲ್ಲಿ ಭೈರವಿಗೆ ಹೋಲಿಸುತ್ತದೆ. ಶಾಸನಕವಿಗಳು ಹೊಗಳಿಕೆಯಲ್ಲಿ ಧಾರಾಳಿಗಳು, ನಿಜ. ಆದರೆ ಅರಸುಮನೆಯ ಹೆಣ್ಣನ್ನು ರೂಪ, ಶೀಲ, ದಾನಗಳಿಗಾಗಿ ಹೊಗಳುವುದು ವಾಡಿಕೆಯಾಗಿದ್ದಾಗ ರಣರಂಗವನ್ನು ಎತ್ತಿ ಆಡಿದ್ದು ಸುಮ್ಮನಲ್ಲ ಎಂದೇ ನನ್ನ ಎಣಿಕೆ. ಮುಂದಿನ ದಾಖಲೆ ಅದಕ್ಕೆ ಪುಷ್ಟಿ ಕೊಡುತ್ತದೆ.

ಗೋಕಾಕದ ಮುತ್ತಿಗೆ

1047ರಲ್ಲಿ ಅಕ್ಕಾದೇವಿ ಗೋಕಾಗೆ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿ ಬೀಡುಬಿಟ್ಟಿದ್ದಳು. ಇದನ್ನು ಹೇಳುವುದು ಹುನಗುಂದ ಸೀಮೆಯ ಅರಸಿಬೀದಿಯ ಶಾಸನ. ಕಿಸುಕಾಡಿನ ಆಡಳಿತ ಕೈಗೆ ಬಂದು ಆಗಲೇ ಮೂವತ್ತಾರು ವರ್ಷ ದಾಟಿತ್ತು. ಎಳೆಯ ವಯಸ್ಸಂತೂ ಅಲ್ಲ. ಮುತ್ತಿಗೆಯೆಂದರೆ ಒಂದು ಹಗಲಿನ ಕಾದಾಟವಲ್ಲ. ದಂಡಿಗೆ ಕಾಳು, ಕುದುರೆಗೆ ಮೇವು, ಎಲ್ಲರಿಗೂ ನೀರು ಒದಗಿಸುತ್ತ, ಒಳಗಿನವರು ಮಣಿಯುವ ತನಕ ಕಾಯಬೇಕು. ಆ ಬೀಡಿನಿಂದಲೇ ಆಕೆ ತನ್ನ ಬಿರುದಿನ ಗೊಣದಬೆಡಂಗಿ ಜಿನಾಲಯಕ್ಕೆ ದತ್ತಿ ಬಿಟ್ಟಳು.

ಯುದ್ಧದ ಗಾಯ ಮತ್ತು ಸೂಡಿ

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಗದಗ ಜಿಲ್ಲೆಯ ಸೂಡಿಯ ದಾಖಲೆ. ಅಲ್ಲಿನ ಎಂಟು ಸೆಟ್ಟಿಗಳು, ಎಂಬತ್ತು ಒಕ್ಕಲುಗಳ ಸಂಘದ ಕಟ್ಟಳೆ ಚೋಳಯುದ್ಧದ ಹೊಡೆತಕ್ಕೆ ಕುಸಿದುಬಿದ್ದಿತ್ತು. 1050ರ ಸುಮಾರಿಗೆ ಅಕ್ಕಾದೇವಿ ಅದನ್ನು ಹೊಸದಾಗಿ ಊರ್ಜಿತಗೊಳಿಸಿದಳು. ದಂಡು ಹಾದುಹೋದ ಊರಿನ ಬಾಳು ಏನಾಗುತ್ತದೆಂಬುದನ್ನು ದಂಡು ನಡೆಸಿದವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಹೊತ್ತಿಗೆ ತೊರಗರೆ-60, ಮಾಸವಾಡಿ-140 ಕೂಡ ಅವಳ ಆಡಳಿತದಲ್ಲಿದ್ದವು.

ಉಳಿದಿರುವ ಗುರುತು

ಲಿಂಗಸುಗೂರಿನಿಂದ ಮುದಗಲ್ಲು, ಇಳಕಲ್ಲು ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಹುನಗುಂದದ ಸೀಮೆ. ಅಕ್ಕಾದೇವಿಯ ಕಾಲದ ವಿಕ್ರಮಪುರವೇ ಅಲ್ಲಿನ ಇಂದಿನ ಅರಸಿಬೀದಿ. ಪಾಳುಬಿದ್ದ ಗುಡಿಗಳೂ ಶಾಸನಗಳೂ ಉಳಿದಿವೆ. ಮಸ್ಕಿಯ ಬಂಡೆಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಇನ್ನೊಂದು ದಿನ ಬಿಡುವು ಮಾಡಿಕೊಂಡು ಅರಸಿಬೀದಿಯನ್ನೂ ಸೂಡಿಯನ್ನೂ ತೋರಿಸಲಿ.