ಮಾಸ್ತಿ: ಒಂದು ಗ್ರಾಮನಾಮ, ಒಂದು ಗ್ರಾಮಜೀವನ

ಮಾಸ್ತಿಯೆಂದೊಡನೆ ಕನ್ನಡಿಗರಿಗೆ ಊರಿಗಿಂತ ಮೊದಲು ನೆನಪಾಗುವವರು ವೆಂಕಟೇಶ ಅಯ್ಯಂಗಾರ್ಯರು (1891–1986). ‘ಶ್ರೀನಿವಾಸ’ ಎಂಬ ಕಾವ್ಯನಾಮವಿದ್ದರೂ ಜನರ ಬಾಯಲ್ಲಿ ನಿಂತದ್ದು ಅವರ ಊರಿನ ಹೆಸರೇ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಆ ಊರಿನ ಹೆಸರಾದರೋ ಒಬ್ಬ ಸ್ತ್ರೀಯ ಮರಣದ ಗುರುತು.

ಮಹಾಸತಿ ಎಂಬುದು ಮಾಸತಿಯಾಗಿ, ಮಾಸ್ತಿಯಾಯಿತು. ಗಂಡನೊಡನೆ ಚಿತೆಯೇರಿದವಳಿಗೆ ನಿಲ್ಲಿಸುತ್ತಿದ್ದ ಕಲ್ಲೇ ಮಾಸ್ತಿಕಲ್ಲು. ಕಂಬದಿಂದ ಹೊರಚಾಚಿ ಮೇಲೆತ್ತಿದ ಬಳೆಗೈ, ಬೆರಳುಗಳ ನಡುವೆ ನಿಂಬೆಯ ಹಣ್ಣು, ಇವು ಅದರ ಲಕ್ಷಣ. ಊರ ಹೆಸರಿನಲ್ಲಿ ಅವಳ ಪದವಿ ಉಳಿದಿದೆ. ತಾಯಿತಂದೆಗಳು ಅವಳನ್ನು ಕರೆದ ಹೆಸರು ಉಳಿದಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ಇದಕ್ಕೆ ಅಪವಾದ. ಅಲ್ಲಿ ದೇಕಬ್ಬೆಯ ಹೆಸರಿದೆ, ರಾಜಾಜ್ಞೆಯಿಂದ ಹತನಾದ ಪತಿಯ ವೃತ್ತಾಂತವಿದೆ, ಬೇಡವೆಂದು ತಡೆದ ತಂದೆತಾಯಿಗಳ ಸಂಕಟವೂ ಇದೆ. ಪಾತಿವ್ರತ್ಯದ ಪ್ರಶಂಸೆಯಿಂದಲೇ ತೃಪ್ತರಾಗುವ ನಮ್ಮ ವಿದ್ವಾಂಸರು ಈ ಕಡೆಯ ಅಂಶದ ಮೇಲೆ ಸಾಕಷ್ಟು ಗಮನವಿಟ್ಟಿಲ್ಲವೆಂದು ತೋರುತ್ತದೆ.

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ದತ್ತಿಗಳೂ ಮರಣಗಳೂ ಹೇರಳವಾಗಿವೆ. ಆದರೆ ಗ್ರಾಮಜೀವನವೆಂಬುದು ದಾನವೂ ಮರಣವೂ ಮಾತ್ರವಲ್ಲ. ವರ್ಷವೆಲ್ಲ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆಯೇ ಊರಿನ ಜೀವಾಳ. ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ತೂಬು ಎತ್ತಬೇಕು ಎಂಬುದನ್ನು ನೋಡುವವನು ನೀರಗಂಟಿ. ಕಮ್ಮಾರ, ಬಡಗಿ, ಅಗಸರಂತೆ ಅವನಿಗೂ ಕಣದಲ್ಲಿಯೇ ಧಾನ್ಯರೂಪದ ಆಯ ಸಲ್ಲುತ್ತಿತ್ತು. ಕೆರೆಯ ಕೆಳಗೆ ಭತ್ತ. ಮೇಲಿನ ಹೊಲದಲ್ಲಿ ರಾಗಿ, ಅದರ ಸಾಲುಗಳ ನಡುವೆ ಅವರೆ. ಅವರೆಯ ಸೊಗಡು ಏಳುವ ಧನುರ್ಮಾಸವನ್ನು ಇಲ್ಲಿಯವರು ಬಲ್ಲರು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿಸೀಮೆಯಾದುದರಿಂದ ಒಂದೇ ಕಣದಲ್ಲಿ ಮೂರು ಭಾಷೆಗಳಲ್ಲಿ ಜಗಳವಾಡುವುದೂ ಸಾಧ್ಯವಿತ್ತು. ಕೆರೆ ಬತ್ತಿದರೆ ಉಪಾಯವಿರಲಿಲ್ಲ. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1876–78ರ ಕ್ಷಾಮದ ತರುವಾಯ, 1881ರಲ್ಲಿ, 42 ಲಕ್ಷದಷ್ಟಕ್ಕೆ ಇಳಿಯಿತು.

ಫ್ರಾನ್ಸಿನ ಮೊಂತಾಯೂ ಎಂಬ ಬೆಟ್ಟದ ಹಳ್ಳಿಯ ಕುರುಬರು ಏನು ಮಾತನಾಡಿದರು, ಯಾರನ್ನು ಪ್ರೀತಿಸಿದರು, ಯಾವುದಕ್ಕೆ ಹೆದರಿದರು ಎಂಬುದನ್ನು ಲೆರೊಯ್ ಲಾದೂರಿಯವರು 1975ರಲ್ಲಿ ಬರೆಯಬಲ್ಲವರಾದರು; 1318ರಿಂದ 1325ರವರೆಗೆ ಬಿಷಪ್ ಫೂರ್ನಿಯೆ ಅವರನ್ನೂ ಸುತ್ತಣ ಹಳ್ಳಿಯವರನ್ನೂ ಮತವಿರೋಧದ ಶಂಕೆಯಿಂದ ವಿಚಾರಿಸಿ ಬರೆಯಿಸಿಟ್ಟಿದ್ದುದೇ ಅದಕ್ಕೆ ಕಾರಣ. ಅಂತಹ ವಿಚಾರಣೆ ನಮ್ಮ ಹಳ್ಳಿಗರಿಗೆ ಒದಗದಿದ್ದುದು ಅವರ ಭಾಗ್ಯ; ಚರಿತ್ರಕಾರನಿಗೆ ಮಾತ್ರ ನಷ್ಟ.

ನಮ್ಮಲ್ಲಿ ದಿನದಿನದ ಲೆಕ್ಕವನ್ನು ಇಟ್ಟವನು ಶಾನುಭೋಗ. ಬಟ್ಟೆಗೆ ಇದ್ದಿಲನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು ಒಣಗಿಸಿದ ಕಪ್ಪು ಕಡತದ ಮೇಲೆ ಬಳಪದಿಂದ ಅವನು ಬರೆಯುತ್ತಿದ್ದನು. ಬೆಳೆ, ಬಾಕಿ, ಆಯ ಎಲ್ಲವೂ ಅದರಲ್ಲಿ ಸೇರುತ್ತಿದ್ದವು. ಅದರ ಅನುಕೂಲವೆಂದರೆ, ವರ್ಷ ಮುಗಿದ ಮೇಲೆ ಒದ್ದೆಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು.