ಮಲ್ಲೇಶ್ವರ: ಅಳೆದು ಬಿಟ್ಟ ಜಾಗ

ಮಲ್ಲೇಶ್ವರದ ಹಳೆಯ ಮನೆಗಳಿಗೆ ಎರಡು ದಾರಿ. ಮುಂಬಾಗಿಲು ಅಡ್ಡರಸ್ತೆಗೆ ತೆರೆಯುತ್ತದೆ, ಹಿತ್ತಿಲ ಬಾಗಿಲು ಕನ್ಸರ್ವೆನ್ಸಿಗೆ. ಹೊಸಬರಿಗೆ ಈ ಕನ್ಸರ್ವೆನ್ಸಿ ಎಂದರೇನು ಎಂದು ವಿವರಿಸಬೇಕಾಗುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳ ನಡುವೆ ಈ ತುದಿಯಿಂದ ಆ ತುದಿಯವರೆಗೆ ಬಿಟ್ಟಿರುವ ಕಿರುಗಲ್ಲಿ ಅದು. ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಕೆಳಗೆ ಕಲ್ಲುಹಾಸಿನ ಚರಂಡಿ, ಪಕ್ಕದಲ್ಲಿ ಪಾಚಿ ಹಿಡಿದ ಕಾಂಪೌಂಡು, ಅಲ್ಲಲ್ಲಿ ಮೊಣಕಾಲೆತ್ತರದಲ್ಲಿ ಇಟ್ಟಿಗೆಯಿಂದ ಮುಚ್ಚಿದ ಸಣ್ಣ ಕಿಂಡಿ. ಒಳಚರಂಡಿ ಇಲ್ಲದ ಕಾಲದಲ್ಲಿ ಆ ಕಿಂಡಿಗಳಿಂದಲೇ ಮನೆಮನೆಯ ಮಲದ ಬುಟ್ಟಿಯನ್ನು ಎಳೆದು, ಹೊತ್ತು ಸಾಗಿಸುತ್ತಿದ್ದರು. ಹಾಗೆ ಹೊತ್ತವರು ಮುಂಬಾಗಿಲಿಗೆ ಬರುವಂತಿರಲಿಲ್ಲ. ಇಲ್ಲಿನ ಗಾಳಿ ಬೆಳಕನ್ನು ಕೊಂಡಾಡುವವರು ಆ ಇಟ್ಟಿಗೆ ತುಂಬಿದ ಕಿಂಡಿಗಳನ್ನೂ ಒಮ್ಮೆ ನೋಡಬೇಕು.

ಊರಿನ ಹೆಸರು ಬಡಾವಣೆಗಿಂತ ಬಹಳ ಹಳೆಯದು. ಕಾಡುಮಲ್ಲೇಶ್ವರ ಗುಡಿಗೆ ಸಂಬಂಧಿಸಿದ 1669ರ ಶಾಸನದಲ್ಲಿ ಮಲ್ಲಾಪುರದ ಮಲ್ಲಿಕಾರ್ಜುನ ದೇವರ ಪ್ರಸ್ತಾಪವಿದೆ. ಬೆಂಗಳೂರಿನ ಮಹಾನಾಡಿನವರು ಬಿನ್ನವಿಸಿಕೊಂಡದ್ದರಿಂದ ಶಿವಾಜಿಯ ಮಲಸಹೋದರ ಏಕೋಜಿ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಈ ದೇವರಿಗೆ ದತ್ತಿ ಬಿಟ್ಟ. ಈ ನೆಲದ ಬಗ್ಗೆ ನಮಗೆ ದೊರೆತಿರುವ ಹಳೆಯ ತೀರ್ಮಾನಗಳಲ್ಲಿ ಇದೂ ಒಂದು. ಊರಿನ ಪ್ರಮುಖರು ಕೂಡಿ ಕೇಳಿದರು, ಆಳುವವನು ಕೊಟ್ಟ. ಕೇಳಿದವರು ಯಾರು ಎಂಬುದನ್ನು ಶಾಸನ ಮರೆಯದೆ ಬರೆದಿಟ್ಟಿದೆ.

ಈಗಿನ ಮಲ್ಲೇಶ್ವರ ಹುಟ್ಟಿದ್ದು ಸಾವಿನ ಭಯದಲ್ಲಿ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಚಿಕ್ಕಪೇಟೆ, ಅರಳೆಪೇಟೆ, ತರಗುಪೇಟೆಗಳ ಇಕ್ಕಟ್ಟಿನಲ್ಲಿ ದವಸದ ಮಳಿಗೆಗೂ ಮಲಗುವ ಕೋಣೆಗೂ ನಡುವೆ ಒಂದು ಗೋಡೆಯಷ್ಟೇ ಅಂತರ. ಇಲಿ ಸತ್ತು ಬಿದ್ದರೆ ಮನೆ ಖಾಲಿ ಮಾಡಬೇಕಿತ್ತು. ಬಿಸಿಲು ಒಳಗೆ ಬೀಳಲೆಂದು ಹೆಂಚು ತೆಗೆಸುತ್ತಿದ್ದರು, ಜನ ಊರಾಚೆ ಜೋಪಡಿ ಕಟ್ಟಿಕೊಂಡು ದಿನ ದೂಡುತ್ತಿದ್ದರು. ಸಾವಿರಾರು ಮಂದಿ ಸತ್ತರು. ಪ್ಲೇಗಮ್ಮನ ಗುಡಿಗಳು ಎದ್ದದ್ದು ಈ ಕಾಲದಲ್ಲೇ. ಆಗ ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರು, ವಿ. ಪಿ. ಮಾಧವರಾವ್ ಪ್ಲೇಗ್ ಕಮಿಷನರು. ಪೇಟೆಯ ದಟ್ಟಣೆ ಇಳಿಸಲು ಹೊಸ ಬಡಾವಣೆ ಬೇಕೆಂಬ ಯೋಚನೆ ಅದಕ್ಕೂ ಮುಂಚೆಯೇ ಇತ್ತು. 1892ರಲ್ಲಿ ಚಾಮರಾಜಪೇಟೆ ಆಗಿತ್ತು. ಕಾಗದದ ಮೇಲಿದ್ದ ಬಸವನಗುಡಿ, ಮಲ್ಲೇಶ್ವರಗಳನ್ನು ಪ್ಲೇಗು ಒಮ್ಮೆಲೇ ನೆಲಕ್ಕಿಳಿಸಿತು.

ಊರಿನ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ಮಲ್ಲೇಶ್ವರಕ್ಕೆ ಸುಮಾರು 290 ಎಕರೆ. ನೇರವಾದ ಮುಖ್ಯರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಮನೆಯ ಸುತ್ತ ಹಿತ್ತಿಲು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ. ಈಸ್ಟ್ ಪಾರ್ಕ್ ರಸ್ತೆ, ವೆಸ್ಟ್ ಪಾರ್ಕ್ ರಸ್ತೆ ಎಂಬ ಹೆಸರುಗಳು ನಡುವೆ ಉದ್ಯಾನಕ್ಕೆ ಜಾಗ ಗುರುತಿಸಿದ್ದರ ನೆನಪನ್ನು ಇನ್ನೂ ಹೊತ್ತಿವೆ. ಸಂಪಿಗೆ ಒಂದು ರಸ್ತೆಗೆ ಹೆಸರಾಯಿತು, ಬೇವು ಮಾರ್ಗೋಸಾ ಆಗಿ ಇನ್ನೊಂದಕ್ಕೆ. ಎಂಟು ಬ್ಲಾಕುಗಳನ್ನು ಮಾಡಿ ಒಂದೊಂದನ್ನು ಒಂದೊಂದು ಸಮುದಾಯಕ್ಕೆ ಗೊತ್ತು ಮಾಡಿದ್ದರು. ಗಾಳಿಯನ್ನು ಎಲ್ಲರಿಗೂ ಹಂಚಿದ ನಕ್ಷೆ ಜಾತಿಯ ಗೆರೆಯನ್ನು ಮಾತ್ರ ಅಳಿಸಲಿಲ್ಲ. ಇಂದು ಯಾವ ಬೀದಿಯಲ್ಲೂ ಆ ಹಂಚಿಕೆ ಇಡಿಯಾಗಿ ಉಳಿದಿಲ್ಲ, ಅದು ಒಳ್ಳೆಯದೇ ಆಯಿತು. ಆದರೆ ಆ ನಕ್ಷೆ ಬರೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಕಟ್ಟುವ ಜಾಗವನ್ನು ಅಳೆಯುವಷ್ಟೇ ನಿಗಾ ವಹಿಸಿ ಬಿಡುವ ಜಾಗವನ್ನೂ ಅಳೆಯಬೇಕು. ಅವರು ಹಾಗೆ ಅಳೆದು ಬಿಟ್ಟ ಜಾಗದ ಬಡ್ಡಿಯಲ್ಲಿ ಮಲ್ಲೇಶ್ವರ ನೂರಿಪ್ಪತ್ತೈದು ವರ್ಷ ಬದುಕಿದೆ.

ಆ ಅಸಲಿಗೆ ಕೈ ಹಾಕಿದ್ದು ಯಾವಾಗ ಎಂದು ಕೇಳಿದರೆ ಒಂದೇ ದಿನಾಂಕ ತೋರಿಸಲಾಗದು. 1945ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಬಂತು, 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ ಕಾರ್ಪೊರೇಷನ್ ಆಯಿತು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. ಅಲ್ಲಿಂದಾಚೆ ಊರಿನ ಹಣೆಬರಹ ಮಾಸ್ಟರ್ ಪ್ಲಾನಿನ ಬಣ್ಣಗಳಲ್ಲಿ ನಿರ್ಧಾರವಾಗುತ್ತಾ ಬಂತು. ಆ ನಕಾಶೆಯಲ್ಲಿ ಹಳದಿ ಬಳಿದರೆ ವಾಸಕ್ಕೆ, ನೀಲಿ ಬಳಿದರೆ ವ್ಯಾಪಾರಕ್ಕೆ. 2007ರಲ್ಲಿ ಜಾರಿಗೆ ಬಂದ, 2015ರವರೆಗಿನ ಮಾಸ್ಟರ್ ಪ್ಲಾನ್ ಹಳೆಯ ಬಡಾವಣೆಗಳಲ್ಲಿ ವಾಸ ಮತ್ತು ವ್ಯಾಪಾರ ಬೆರೆಯಲು ಬಾಗಿಲು ತೆರೆಯಿತು. ಹಂಚಿನ ಮನೆ ಇಳಿಸಿದ ಜಾಗದಲ್ಲಿ ಶೋರೂಮು, ಕೆಳಗೆ ಕ್ಲಿನಿಕ್ಕು, ಮೇಲೆ ಕೋಚಿಂಗ್ ಕ್ಲಾಸು. ನಿವಾಸಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ 40 ಅಡಿಗಿಂತ ಕಿರಿದಾದ ವಸತಿ ರಸ್ತೆಗಳಲ್ಲಿ ವಾಣಿಜ್ಯಕ್ಕೆ ಅವಕಾಶವಿಲ್ಲ ಎಂಬ ನಿಯಮ 2015ರಲ್ಲಿ ಬಂತು.

ಈ ನಲವತ್ತು ಅಡಿಯನ್ನು ಅಳೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಟೇಪಿನ ಒಂದು ತುದಿಯನ್ನು ಈಚೆ ಕಾಂಪೌಂಡಿಗೆ ಒತ್ತಿ ಹಿಡಿದರು, ಇನ್ನೊಂದನ್ನು ಆಚೆ ಕಾಂಪೌಂಡಿಗೆ. ನಡುವಿನ ಡಾಂಬರು, ಚರಂಡಿ, ಫುಟ್‌ಪಾತು, ಹೊಂಗೆ ಮರದ ಬುಡ, ಟ್ರಾನ್ಸ್‌ಫಾರ್ಮರ್ ಕಟ್ಟೆ ಎಲ್ಲವೂ ಲೆಕ್ಕದಲ್ಲಿ ರಸ್ತೆಯೇ. ವಾಹನ ಓಡುವ ಪಟ್ಟಿ ಅದರಲ್ಲಿ ಅರ್ಧವಿದ್ದರೆ ಹೆಚ್ಚು. ಎಷ್ಟು ಅಂತಸ್ತು ಏರಿಸಬಹುದು ಎಂಬುದೂ ನಿವೇಶನದ ಅಳತೆಯ ಜೊತೆಗೆ ಇದೇ ಅಗಲವನ್ನು ಅವಲಂಬಿಸಿದೆ. ಹಾಗಾಗಿ ಟೇಪು ಎಲ್ಲಿಂದ ಎಲ್ಲಿಗೆ ಹಿಡಿದರು ಎಂಬ ಸಣ್ಣ ಸಂಗತಿಯ ಮೇಲೆ ಒಂದಿಡೀ ಬೀದಿಯ ಭವಿಷ್ಯ ನಿಂತಿರುತ್ತದೆ. ಬೀದಿಯವರೆಲ್ಲ ಆ ಹೊತ್ತಿಗೆ ಹೊರಬಂದು ನಿಂತು ನೋಡಬೇಕು. ಅಂದು ನಿಂತಿದ್ದವರು ಮೂವರು.

ಜನ ನಿಂತರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೇ ಊರಿನಲ್ಲಿದೆ. ಕಾಡುಮಲ್ಲೇಶ್ವರ ಗುಡಿಯ ಎದುರು, ಗಂಗಮ್ಮನ ಗುಡಿಯ ಪಕ್ಕ ಒಂದು ಖಾಲಿ ಜಾಗವಿತ್ತು. 1997ರಲ್ಲಿ ಅಲ್ಲಿ ಕಟ್ಟಡದ ಮಾತು ಬಂದಾಗ ಸುತ್ತಲಿನವರು ಅಡ್ಡ ನಿಂತು, ಮೊದಲು ಅಗೆದು ನೋಡೋಣ ಎಂದರು. ಮಣ್ಣು ತೆಗೆದಂತೆ ಮೆಟ್ಟಿಲು ಸಿಕ್ಕಿತು, ಕಲ್ಲಿನ ಮಂಟಪ ಸಿಕ್ಕಿತು, ದಕ್ಷಿಣಕ್ಕೆ ಮುಖ ಮಾಡಿದ ನಂದಿ ಸಿಕ್ಕಿತು. ನಂದಿಯ ಬಾಯಿಂದ ಸಣ್ಣ ಧಾರೆಯಾಗಿ ನೀರು ಕೆಳಗಿನ ಶಿವಲಿಂಗದ ಮೇಲೆ ಬೀಳುತ್ತದೆ, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತದೆ. ದಕ್ಷಿಣಮುಖ ನಂದಿತೀರ್ಥ ಎಂದು ಈಗ ಹೊರ ರಾಜ್ಯದವರೂ ಕೇಳಿಕೊಂಡು ಬರುತ್ತಾರೆ. ಅಂದು ಯಾರೂ ಅಡ್ಡ ನಿಲ್ಲದೇ ಹೋಗಿದ್ದರೆ ಆ ನಂದಿಯ ಮೇಲೆ ಇಂದು ಕಾಂಕ್ರೀಟಿನ ಕಂಬ ನಿಂತಿರುತ್ತಿತ್ತು.

ಸ್ಯಾಂಕಿ ರಸ್ತೆಯದೂ ಇದೇ ಬಗೆಯ ಕಥೆ. 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆಯ ಪಕ್ಕದ ಈ ರಸ್ತೆಯನ್ನು ಅಗಲ ಮಾಡಲು 2011ರಲ್ಲಿ ಮರಗಳಿಗೆ ಕೊಡಲಿ ಬಿತ್ತು. ಜನ ಮರಗಳನ್ನು ಅಪ್ಪಿ ನಿಂತರು, ನ್ಯಾಯಾಲಯಕ್ಕೆ ಹೋದರು. ಹನ್ನೆರಡು ವರ್ಷದ ನಂತರ ಅದೇ ರಸ್ತೆಗೆ ಮೇಲ್ಸೇತುವೆಯ ಯೋಜನೆ ಬಂದಾಗ ಶಾಲೆಯ ಮಕ್ಕಳೂ ಭಿತ್ತಿಪತ್ರ ಹಿಡಿದು ಬೀದಿಗಿಳಿದರು. ರಸ್ತೆ ಅಗಲವಾದರೆ ಸಂಚಾರ ಸಲೀಸಾಗುತ್ತದೆ ಎಂಬ ಮಾತನ್ನು ಈ ನಗರ ಐವತ್ತು ವರ್ಷದಿಂದ ಕೇಳುತ್ತಿದೆ. ಅಗಲಿಸಿದ ಪ್ರತಿ ರಸ್ತೆಯೂ ಕೆಲವೇ ವರ್ಷಗಳಲ್ಲಿ ಮತ್ತೆ ತುಂಬಿದ್ದನ್ನು ಕಂಡ ಮೇಲೂ ಅದನ್ನು ನಂಬಲು ನನಗೆ ಸಾಧ್ಯವಿಲ್ಲ. ಮೆಟ್ರೊ ಮಾತ್ರ ನಿಜವಾದ ಉಪಕಾರ ಮಾಡಿದೆ. 2014ರ ಮಾರ್ಚಿನಲ್ಲಿ ಪೀಣ್ಯದ ಕಡೆಯಿಂದ ಸಂಪಿಗೆ ರಸ್ತೆಯವರೆಗೆ ರೈಲು ಓಡತೊಡಗಿದಾಗ, ಮಲ್ಲೇಶ್ವರಕ್ಕೆ ಕಾರಿಲ್ಲದೆ ಬರುವವರಿಗೂ ಒಂದು ಮರ್ಯಾದೆ ಬಂತು.

ಹಾಗೆ ಇಳಿದು ಬಂದವರು ನಡೆಯಬೇಕಾದದ್ದು ಫುಟ್‌ಪಾತಿನ ಮೇಲೆ. ಎಂಟನೇ ಅಡ್ಡರಸ್ತೆಗೆ ಗೌರಿಹಬ್ಬದ ಹಿಂದಿನ ಸಂಜೆ ಬಂದು ನೋಡಿ. ಬಾಳೆಕಂದು, ಮಾವಿನ ಸೊಪ್ಪು, ಮರದ ಬಾಗಿನದ ಸಾಮಾನು, ರಾಶಿ ಸೇವಂತಿಗೆ. ಮೂಲೆಯಲ್ಲಿ ಹೂ ಕಟ್ಟುವ ಹೆಂಗಸು ಕಾಲಿನ ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿ ಮಲ್ಲಿಗೆ, ಮರುಗ, ಕನಕಾಂಬರ ಸೇರಿಸುತ್ತಾಳೆ. “ಮೊಳ ಎಷ್ಟಮ್ಮಾ?” ಎಂದರೆ ದರದ ಜೊತೆಗೇ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಮೇಲೆ ಎರಡೆಳೆ ಕೊಸರು ಸೇರಿಸಿ ಎಲೆಯಲ್ಲಿ ಸುತ್ತಿಕೊಡುತ್ತಾಳೆ. ಅವಳು ಕುಳಿತಿರುವ ಚಪ್ಪಡಿ ಅಲುಗಾಡುತ್ತದೆ, ಕೆಳಗೆ ಮಳೆನೀರಿನ ಚರಂಡಿ. ಇವಳಿಗೂ ನಡೆಯುವವರಿಗೂ ಜಗಳವಿದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳು ಕುಳಿತಿರುವುದು ಒಂದು ಮಣೆಯಷ್ಟು ಜಾಗದಲ್ಲಿ. ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ ಒಂದು ಕಾರು ಅಂಥ ಹತ್ತು ಮಣೆಯ ಜಾಗ ನುಂಗುತ್ತದೆ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯ್ದೆ 2014ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಸಮಿತಿ ಕೂತು ಎಲ್ಲಿ ಗಾಡಿ, ಎಲ್ಲಿ ದಾರಿ ಎಂದು ತೀರ್ಮಾನಿಸಬೇಕು ಎಂದು ಅದು ಹೇಳುತ್ತದೆ. ರಸ್ತೆ ಸುಧಾರಣೆ ಎಂದರೆ ಮೊದಲು ಅವಳನ್ನು ಎಬ್ಬಿಸುವುದು ಎಂದು ತಿಳಿದವರಿಗೆ ಈ ಕಾಯ್ದೆಯನ್ನು ಓದಿ ಹೇಳಬೇಕಾಗಿದೆ.

ಆದರೆ ಓದಿ ಹೇಳುವುದು ಎಲ್ಲಿ, ಯಾರ ಮುಂದೆ? 2020ರ ಸೆಪ್ಟೆಂಬರ್ 10ಕ್ಕೆ ನಮ್ಮ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳ ಸಹಿಯಲ್ಲೇ ನಗರ ನಡೆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಗೆ ಬಂದು, ಒಂದು ಪಾಲಿಕೆ ಇದ್ದಲ್ಲಿ ಐದಾದವು. ಈ ನಡುವೆ ರಸ್ತೆ ಅಗೆದವರಿದ್ದಾರೆ, ಕಾಂಕ್ರೀಟು ಸುರಿದವರಿದ್ದಾರೆ, ಕಟ್ಟಡಗಳಿಗೆ ಪರವಾನಗಿ ಕೊಟ್ಟವರಿದ್ದಾರೆ. ಸಭೆಯಲ್ಲಿ ಎದ್ದು ನಿಂತು ಯಾಕೆ ಎಂದು ಕೇಳಲು ನಮ್ಮ ಓಟಿನಿಂದ ಗೆದ್ದ ಒಬ್ಬರೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಅಗೆದು ಮುಚ್ಚಿದಾಗ, ನಾಲ್ಕು ಕಚೇರಿ ಅಲೆದರೂ ಉತ್ತರ ಕೊಡುವವರು ಸಿಗಲಿಲ್ಲ. ಏಕೋಜಿಯ ಕಾಲದಲ್ಲಿ ಮಹಾನಾಡಿನವರ ಬಿನ್ನಹಕ್ಕಾದರೂ ಬೆಲೆಯಿತ್ತು.

ಮಲ್ಲೇಶ್ವರದಲ್ಲಿ ಅಳೆದು ಬಿಟ್ಟ ಜಾಗ ಇನ್ನೂ ಪೂರ್ತಿ ಮುಗಿದಿಲ್ಲ. ಹದಿನೈದನೇ ಅಡ್ಡರಸ್ತೆಯಲ್ಲಿ ಸಿ. ವಿ. ರಾಮನ್ನರ ಮನೆ ‘ಪಂಚವಟಿ’ ಮರಗಳ ನಡುವೆ ನಿಂತಿದೆ. ಕೆಲವು ಕನ್ಸರ್ವೆನ್ಸಿಗಳನ್ನು ಇಲ್ಲಿನ ಯುವಕರು ಕಸ ತೆಗೆದು, ಗೋಡೆಗೆ ಚಿತ್ರ ಬರೆದು ನಡೆಯುವ ದಾರಿ ಮಾಡಿದ್ದಾರೆ. ಮಲ ಹೊರುವವರಿಗೆಂದು ಬಿಟ್ಟ ಗಲ್ಲಿಯಲ್ಲಿ ಈಗ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಇನ್ನು ಕೆಲವು ಕಡೆ ಗಲ್ಲಿಯ ಎರಡೂ ತುದಿಗೆ ಗೇಟು ಬಿದ್ದಿದೆ, ಜನರೇಟರು ಬಂದು ಕೂತಿದೆ.

ಮಲ್ಲೇಶ್ವರದವರಲ್ಲಿ, ಇಂಥ ಹಳೆಯ ಬಡಾವಣೆಗಳಲ್ಲಿರುವ ಎಲ್ಲರಲ್ಲಿ ನನ್ನ ಕೋರಿಕೆ ಇಷ್ಟು. ಓಟು ಕೇಳಲು ಬಂದವರನ್ನು ಕಾಫಿ ಕೊಟ್ಟು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋಗಿ, ಕನ್ಸರ್ವೆನ್ಸಿ ತೋರಿಸಿ, ಇದನ್ನು ಉಳಿಸುತ್ತೀರಾ ಎಂದು ಕೇಳಿ. ನಾಳೆ ನಿಮ್ಮ ಬೀದಿಯನ್ನು ಅಳೆಯಲು ಟೇಪು ಬಂದರೆ ದಯವಿಟ್ಟು ಮನೆಯಿಂದ ಹೊರಗೆ ಬನ್ನಿ.