ಖಾಕಿಯ ಪೂರ್ವವೃತ್ತಾಂತ

ವಸ್ತ್ರಕ್ಕೆ ಮಾನವನ್ನು ಕಾಯುವ ಗುಣವಷ್ಟೇ ಅಲ್ಲದೆ, ಉಡುವವನ ಸ್ಥಾನವನ್ನು ಸಾರುವ ಗುಣವೂ ಉಂಟು. ಸೈನಿಕನ ಉಡುಪು ದೂರದಿಂದಲೇ ಎದ್ದುಕಾಣಬೇಕೆಂಬುದು ಬಹುಕಾಲ ಪ್ರಭುಗಳ ಮತವಾಗಿದ್ದಿತು. ಆಂಗ್ಲರ ಕೆಂಪಂಗಿಯೇ ಇದಕ್ಕೆ ನಿದರ್ಶನ. ಅಂತಹ ಆಡಂಬರವನ್ನು ತೊರೆದು, ದಂಡಾಳುಗಳು ಕಾಲಡಿಯ ಮಣ್ಣಿನ ಬಣ್ಣವನ್ನು ತೊಟ್ಟುದು ಹೇಗೆಂಬುದು ವಿಚಾರಯೋಗ್ಯವಾಗಿದೆ.

‘ಖಾಕ್’ ಎಂಬುದು ಪಾರಸಿ ಮಾತು. ಧೂಳು ಎಂದು ಅದರ ಅರ್ಥ. 1846ರಲ್ಲಿ ಪೆಷಾವರದಲ್ಲಿ ಹ್ಯಾರಿ ಲಮ್ಸ್‌ಡನ್ನನು ‘ಗೈಡ್ಸ್’ ಎಂಬ ಪಡೆಯನ್ನು ಕಟ್ಟತೊಡಗಿದನು. ಬೋಳುಗುಡ್ಡಗಳ ಆ ಗಡಿನಾಡಿನಲ್ಲಿ ಬೇಹು ನಡೆಸುವವರಿಗೆ ಮೆರೆಯುವುದಕ್ಕಿಂತ ಮರೆಯಾಗುವುದೇ ಲೇಸಾಗಿದ್ದಿತು. ಆದುದರಿಂದ ಅವರಿಗೆ ದೇಶೀಯ ರೀತಿಯ ಸಡಿಲವಾದ ಉಡುಪು, ಧೂಳಿನ ಬಣ್ಣ ಇವೆರಡೂ ಒದಗಿದವು. 1857ರ ಸಂಗ್ರಾಮದಲ್ಲಿ ಬೇಸಗೆಯ ಬಿಸಿಲಿಗೆ ಬಸವಳಿದ ಆಂಗ್ಲ ಸೈನಿಕರೂ ತಮ್ಮ ಬಿಳಿಯ ಬಟ್ಟೆಗಳಿಗೆ ಈ ಬಣ್ಣವನ್ನು ಹಚ್ಚಿಕೊಂಡರು. ಆದರೆ ಒಬ್ಬೊಬ್ಬನ ಅಂಗಿಯೂ ಒಂದೊಂದು ಛಾಯೆಯದು. ಒಗೆದಂತೆಲ್ಲ ಬಣ್ಣವು ಬಿಡುತ್ತಿದ್ದಿತು. ಹೀಗೆ ಯೋಚನೆಯು ಹುಟ್ಟಿತಾದರೂ, ಅದಕ್ಕೆ ತಕ್ಕ ಬಟ್ಟೆಯು ಇನ್ನೂ ಸಿದ್ಧಿಸಿರಲಿಲ್ಲ.

ಆ ಸಿದ್ಧಿಗಾಗಿ ನಡೆದ ಯತ್ನಗಳಲ್ಲಿ ಕನ್ನಡನಾಡಿಗೂ ಒಂದು ಪಾಲುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರದಿಂದ ಕುಲವೃತ್ತಿಯನ್ನೂ ಬಂಧುಗಳ ಆಶ್ರಯವನ್ನೂ ಕಳೆದುಕೊಂಡವರ ಜೀವನೋಪಾಯಕ್ಕಾಗಿ ನೇಯ್ಗೆಯನ್ನು ಆರಂಭಿಸಿದರು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ಕುಶಲಿಯು ಯೂರೋಪಿನ ಮಾದರಿಯ ಕೈಮಗ್ಗಗಳನ್ನು ನಿಲ್ಲಿಸಿ, ಬಣ್ಣಗಾರಿಕೆಯನ್ನೂ ಏರ್ಪಡಿಸಿದನು. ಅಲ್ಲಿ ಅವನು ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದೂ, ಮುಂದೆ ಸೇನಾಪತಿ ರಾಬರ್ಟ್ಸನು ಆ ಕಾರ್ಖಾನೆಯನ್ನು ನೋಡಿ ಬಟ್ಟೆಯನ್ನು ಮೆಚ್ಚಿದನೆಂದೂ ಪ್ರತೀತಿಯಿದೆ. ಖಾಕಿಯೆಂಬ ಹೆಸರು ಗಡಿನಾಡಿನಲ್ಲಿ ಮೊದಲೇ ಬಳಕೆಗೆ ಬಂದಿದ್ದುದರಿಂದ, ಮಂಗಳೂರಿಗೆ ಸಲ್ಲತಕ್ಕ ಕೀರ್ತಿಯು ಹೆಸರಿಟ್ಟುದರದಲ್ಲ, ನೆಯ್ದು ಬಣ್ಣವೇರಿಸಿದ ಕೈಗಳದು.

1884ರಲ್ಲಿ ಇಂಗ್ಲೆಂಡಿನ ಅಕ್ರಿಂಗ್ಟನ್ನಿನಲ್ಲಿ ಫ್ರೆಡರಿಕ್ ಗ್ಯಾಟಿಯು ಕಬ್ಬಿಣ ಮತ್ತು ಕ್ರೋಮಿಯಮ್ಮಿನ ಲವಣಗಳನ್ನು ನೂಲಿಗೆ ಹೀರಿಸಿ, ಕ್ಷಾರದಿಂದ ಅವುಗಳನ್ನು ಎಳೆಯಲ್ಲಿಯೇ ನೆಲೆಗೊಳಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ಕಬ್ಬಿಣದ ಕಾವಿಯೂ ಕ್ರೋಮಿಯಮ್ಮಿನ ಹಸುರೂ ಬೆರೆತು, ಬಿಸಿಲಿಗೂ ಅಗಸನ ಕಲ್ಲಿಗೂ ಜಗ್ಗದ ಖಾಕಿಯಾಯಿತು. ಆ ಬಳಿಕ ಅದರ ಪ್ರಸಾರಕ್ಕೆ ತಡೆಯುಂಟಾಗಲಿಲ್ಲ. 1899ರಲ್ಲಿ ಮೊದಲಾದ ದಕ್ಷಿಣ ಆಫ್ರಿಕದ ಯುದ್ಧಕ್ಕೆ ಆಂಗ್ಲ ಸೇನೆಯು ಖಾಕಿಯನ್ನೇ ತೊಟ್ಟು ಹೋಯಿತು. 1902ರಲ್ಲಿ ಅದೇ ವರ್ಗದ ಬಣ್ಣವು ಸ್ವದೇಶದ ಸೇನೆಗೂ ವಿಧಿತವಾಯಿತು.

ಅಡಗುವುದಕ್ಕೆಂದು ಹುಟ್ಟಿದ ಬಣ್ಣವು ಭಾರತದಲ್ಲಿ ಅಧಿಕಾರದ ಗುರುತಾಗಿ ಬೆಳೆದುದು ವಿಚಿತ್ರವೇ ಸರಿ. ಉಪ್ಪಿನ ಸತ್ಯಾಗ್ರಹದ 1930ರಲ್ಲಿ ಲಾಠಿ ಹಿಡಿದ ಖಾಕಿಗೂ ನೂಲು ತೆಗೆದ ಖಾದಿಗೂ ಒಂದೇ ಅಕ್ಷರದ ಅಂತರವಿದ್ದರೂ, ಅವು ಪರಸ್ಪರ ಎದುರಾಗಿ ನಿಂತುವು. ಸ್ವಾತಂತ್ರ್ಯವು ಬಂದ ಮೇಲೆಯೂ ಪೊಲೀಸರು ಖಾಕಿಯನ್ನು ಬಿಡಲಿಲ್ಲ. ಆದರೆ ಅದೇ ಬಟ್ಟೆಯನ್ನು ಕಾರ್ಖಾನೆಯ ಕೆಲಸಗಾರನೂ ಆಟೋರಿಕ್ಷಾ ಚಾಲಕನೂ ತೊಡುತ್ತಾರೆ. ಧೂಳನ್ನೂ ಜಿಡ್ಡನ್ನೂ ತನ್ನಲ್ಲಿ ಅಡಗಿಸಿಕೊಳ್ಳುವ ಗುಣವು ದಂಡಾಳಿಗಿಂತ ದುಡಿಯುವವನಿಗೇ ಹೆಚ್ಚು ಬೇಕಾದುದು. ಮಗ್ಗದವನ ಬೆವರಿನಿಂದ ಬಂದ ಬಟ್ಟೆಯು ಬೆವರುವವನ ಮೈಗೆ ಸಂದುದು ಉಚಿತವೇ ಆಗಿದೆ.